ಗಂಡನ ಹೆಸರು ಕೂಗುವ ಬಸವಲಿಂಗಮ್ಮ

ಗಿರಿನಗರದ ಆ ಅಡ್ಡರಸ್ತೆಯಲ್ಲಿ ‘ಬಸವಲಿಂಗಮ್ಮನವರ ಮನೆ ಯಾವುದು’ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ‘ಗಂಡನ ಹೆಸರು ಹಿಡಿದು ಕೂಗ್ತಾರಲ್ಲ, ಅವರ ಮನೆ’ ಎಂದರೆ ಸಾಕು, ಇಸ್ತ್ರಿ ಗಾಡಿಯವನಿಂದ ಹಿಡಿದು ಮೂಲೆಮನೆಯ ರಿಟೈರ್ಡ್ ಮೇಷ್ಟರವರೆಗೆ ಎಲ್ಲರೂ ಹಸಿರು ಗೇಟಿನ ಕಡೆ ಕೈ ತೋರಿಸುತ್ತಾರೆ. ತೋರಿಸುವಾಗ ತುಟಿಯಂಚಿನಲ್ಲಿ ಒಂದು ನಗುವೂ ಇರುತ್ತದೆ. ಆ ನಗುವಿಗಿಷ್ಟು ಬೆಂಕಿ ಹಾಕ. ಕಥೆ ಗೊತ್ತಿಲ್ಲದವರ ನಗು ಅದು.

ಬಸವಲಿಂಗಮ್ಮ ಹುಟ್ಟಿದ್ದು ಗುಬ್ಬಿ ಕಡೆಯ ಒಂದು ಹಳ್ಳಿಯಲ್ಲಿ. ಮದುವೆಯಾಗಿದ್ದೂ ಅಲ್ಲೇ ಪಕ್ಕದ ಊರಿಗೆ. ಆ ಸೀಮೆಯ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ತರುವವರಲ್ಲ. ರೇಷನ್ ಅಂಗಡಿಯವನು ‘ಯಜಮಾನ್ರ ಹೆಸರೇನಮ್ಮಾ’ ಎಂದರೆ ಪಕ್ಕದವಳ ಮುಖ ನೋಡುತ್ತಾರೆ, ಪಕ್ಕದವಳು ಹೇಳುತ್ತಾಳೆ. ಗಂಡನ ಹೆಸರು ಸಿದ್ಧಗಂಗಯ್ಯ ಎಂಬ ಒಂದೇ ಕಾರಣಕ್ಕೆ, ಸಿದ್ಧಗಂಗೆಗೆ ಹೋಗಿಬಂದರೂ ‘ಬೆಟ್ಟಕ್ಕೆ ಹೋಗಿದ್ದೆ’ ಎಂದೇ ಹೇಳುತ್ತ ಒಬ್ಬ ಅಜ್ಜಿ ಜೀವ ಸವೆಸಿದ್ದು ಆ ಊರಿನಲ್ಲೇ. ಅಂಥ ಊರಿನ ಹೆಣ್ಣುಮಗಳು ಬೆಂಗಳೂರಿಗೆ ಬಂದು, ಅಡುಗೆಮನೆ ಬಾಗಿಲಲ್ಲಿ ನೆಟ್ಟಗೆ ನಿಂತು, ಬೀದಿಯ ಆ ತುದಿಗೆ ಕೇಳುವಂತೆ ‘ಪರಮಶಿವಯ್ಯಾ!’ ಎಂದು ಗುಡುಗಿದರೆ ಜನ ಏನಂದುಕೊಳ್ಳಬೇಕು? ಅಂದುಕೊಳ್ಳುವುದನ್ನೇ ಅಂದುಕೊಂಡರು.

ಮೇಘಶ್ರೀ ಆ ಮನೆಗೆ ಸೊಸೆಯಾಗಿ ಹೋದದ್ದು ತ್ಯಾಗರಾಜನಗರದಿಂದ. ಅಪ್ಪನಿಗೆ ಬಟ್ಟೆ ಅಂಗಡಿ. ಅಮ್ಮ ಸರ್ವಮಂಗಳಮ್ಮ ಶಾಸ್ತ್ರ, ಸಂಪ್ರದಾಯ ಎಂದರೆ ಗೆರೆ ದಾಟದ ಹೆಂಗಸು. ಲಿಂಗಪೂಜೆ ಆಗದೆ ಒಂದು ಗುಟುಕು ಕಾಫಿಯನ್ನೂ ಕುಡಿದವರಲ್ಲ, ಗಂಡನ ಹೆಸರನ್ನು ಜನ್ಮದಲ್ಲಿ ಹೇಳಿದವರಲ್ಲ. ಮಗಳು ತನ್ನ ಗಂಡನನ್ನು ‘ಕೈಲಾಸ್, ಬಾ ಇಲ್ಲಿ’ ಎನ್ನುವುದನ್ನು ಅವರು ‘ಈಗಿನ ಕಾಲದ ಹುಡುಗೀರು ಬಿಡಿ’ ಎಂದು ಹೇಗೋ ನುಂಗಿಕೊಂಡಿದ್ದರು. ಆದರೆ ಮದುವೆಯ ಛತ್ರದಲ್ಲೇ ಬೀಗಿತ್ತಿ ಗಂಡನ ಹೆಸರನ್ನು ಗುಡುಗಿದ್ದು ಮಾತ್ರ ಅವರ ಗಂಟಲಲ್ಲಿ ಇಳಿಯಲಿಲ್ಲ.

“ಬಜಾರಿ ಕಣೇ ನಿಮ್ಮತ್ತೆ. ಪಾಪ, ಆ ಮನುಷ್ಯ ಮಿಲಿಟ್ರಿಲಿದ್ದೋರು, ಕಾರ್ಗಿಲ್ಲಿಗೆ ಹೋಗ್ಬಂದೋರು. ಮನೇಲಿ ನೋಡಿದ್ರೆ ಬೆಕ್ಕಿನ ಮರಿ ಥರ ಮೂಲೆ ಹಿಡ್ಕೊಂಡು ಕೂತಿರ್ತಾರೆ.”

ಮೂಲೆ ಹಿಡಿದು ಕೂರುತ್ತಿದ್ದದ್ದು ನಿಜ. ಪರಮಶಿವಯ್ಯನವರು ಎಲ್ಲಿ ಹೋದರೂ ಬೆನ್ನು ಗೋಡೆಗೆ ಕೊಟ್ಟು, ಕಣ್ಣು ಬಾಗಿಲ ಮೇಲಿಟ್ಟು ಕೂರುವವರು. ಸೈನ್ಯದಿಂದ ಬಂದ ಮೇಲೆ ಬ್ಯಾಂಕಿನಲ್ಲಿ ಗನ್‌ಮ್ಯಾನ್ ಕೆಲಸ ಮನೆ ಬಾಗಿಲಿಗೆ ಬಂದಿತ್ತಂತೆ. ಬೇಡವೆಂದು ಬಡಾವಣೆಯ ಪಾರ್ಕಿನಲ್ಲಿ ಗಿಡಗಳಿಗೆ ನೀರು ಬಿಡುವ ಕೆಲಸ ಹಿಡಿದರು. ಮಾತು ಕಡಿಮೆ. ಸೊಸೆಯನ್ನು ಕಂಡರೆ ಅಕ್ಕರೆ, ಆದರೆ ಅದನ್ನೂ ದೂರದಿಂದಲೇ, ಪಾರ್ಕಿನಿಂದ ಒಂದು ದಾಸವಾಳ ತಂದು ಟೇಬಲ್ಲಿನ ಮೇಲಿಟ್ಟು ಹೋಗುವಷ್ಟು.

ಹೊಸ ಮನೆಯಲ್ಲಿ ಮೇಘಶ್ರೀಗೆ ಅತ್ತೆ ಹೇಳಿಕೊಟ್ಟ ಮೊದಲ ಮಾತು ಒಗ್ಗರಣೆಯದ್ದಲ್ಲ. “ಮಾವ ಮಲಗಿದ್ರೆ ಮುಟ್ಟಿ ಎಬ್ಬಿಸ್ಬೇಡಮ್ಮ. ನನ್ನನ್ನ ಕರಿ” ಎಂದಿದ್ದರು. ಮಾವನನ್ನು ಸೊಸೆ ಮುಟ್ಟಬಾರದೆಂಬ ಹಳೇ ಕಾಲದ ಮರ್ಯಾದೆ ಇರಬೇಕು ಎಂದುಕೊಂಡಳು ಮೇಘಶ್ರೀ. ತಪ್ಪಿದ್ದು ಅಲ್ಲೇ. ಹಳೇ ಮರ್ಯಾದೆಗಳನ್ನು ಒಂದೊಂದಾಗಿ ಸಡಿಲಿಸೋಣ ಎಂಬ ಹೊಸ ಸೊಸೆಯ ಹುಮ್ಮಸ್ಸು ಬೇರೆ. ಒಂದು ಮಧ್ಯಾಹ್ನ ವರಾಂಡದ ಕುರ್ಚಿಯಲ್ಲಿ ಮಾವ ತೂಕಡಿಸುತ್ತಿದ್ದಾಗ ಕಾಫಿ ಲೋಟ ಹಿಡಿದು ಹಿಂದಿನಿಂದ ಹೋಗಿ, ಮಗಳು ಅಪ್ಪನನ್ನು ಎಬ್ಬಿಸುವ ಹಾಗೆ ಹೆಗಲು ಮುಟ್ಟಿದಳು.

ಮುಂದಿನದು ಅವಳಿಗೆ ತುಂಡುತುಂಡಾಗಿಯಷ್ಟೇ ನೆನಪಿದೆ. ಲೋಟ ಎಲ್ಲೋ ಹಾರಿತು. ಅವಳು ನೆಲದ ಮೇಲಿದ್ದಳು. ಮಣಿಕಟ್ಟು ಮಾವನ ಮುಷ್ಟಿಯಲ್ಲಿತ್ತು, ಬಳೆಗಳು ಒಡೆದು ಚರ್ಮಕ್ಕೆ ಹೊಕ್ಕಿದ್ದವು. ಮಾವನ ಕಣ್ಣು ಅವಳ ಮೇಲಿತ್ತು, ಆದರೆ ಅವಳನ್ನು ನೋಡುತ್ತಿರಲಿಲ್ಲ. ಆತನ ಇನ್ನೊಂದು ಅಂಗೈ ಅವಳ ಬಾಯಿಯ ಕಡೆ ಬರುತ್ತಿತ್ತು.

“ನಾಯಕ್ ಪರಮಶಿವಯ್ಯ!”

ಅಡುಗೆಮನೆ ಬಾಗಿಲಲ್ಲಿ ಬಸವಲಿಂಗಮ್ಮ ನಿಂತಿದ್ದರು. ಓಡಿ ಬಂದಿರಲಿಲ್ಲ, ಚೀರಿರಲಿಲ್ಲ. ಕೈಯೆರಡೂ ಕೆಳಗೆ ಇಳಿಬಿಟ್ಟು, ಆತನಿಗೆ ಪೂರ್ತಿ ಕಾಣುವ ಹಾಗೆ ಬೆಳಕಿನಲ್ಲಿ ನಿಂತಿದ್ದರು.

“ಸಾಬ್” ಎಂದರು ಪರಮಶಿವಯ್ಯ. ಎಲ್ಲಿಂದಲೋ ಬಂದ ದನಿ.

“ಇದು ಗಿರಿನಗರ. ನಮ್ಮ ಮನೆ. ಮಧ್ಯಾಹ್ನ. ನಿಮ್ಮ ಸೊಸೆ ಮೇಘಶ್ರೀ ಕಾಫಿ ತಂದಿದಾಳೆ.” ಬಸವಲಿಂಗಮ್ಮ ಒಂದೊಂದನ್ನೇ ಹೇಳಿದರು, ಹೇಳಿ ನಿಲ್ಲಿಸಿದರು, ಕಾದರು. ಮುಷ್ಟಿ ಸಡಿಲವಾಯಿತು. ಪರಮಶಿವಯ್ಯ ಸೊಸೆಯ ಮಣಿಕಟ್ಟಿನ ರಕ್ತ ನೋಡಿ ಎದ್ದುಹೋಗಿ ಬಚ್ಚಲುಮನೆ ಬಾಗಿಲು ಹಾಕಿಕೊಂಡರು. ಸಂಜೆಯಾದರೂ ಹೊರಗೆ ಬರಲಿಲ್ಲ.

ಗಾಯಕ್ಕೆ ಅರಿಸಿನ ಹಚ್ಚುತ್ತ ಅವತ್ತು ಬಸವಲಿಂಗಮ್ಮ ಸೊಸೆಗೆ ಎಲ್ಲವನ್ನೂ ಹೇಳಿದರು. ಅತ್ತು ಹೇಳಲಿಲ್ಲ, ಹಾಲು ಹೇಗೆ ಕೆಟ್ಟಿತು ಎಂದು ಹೇಳುವ ಹಾಗೆ ಹೇಳಿದರು.

ಕಾರ್ಗಿಲ್ಲಿನ ಯಾವುದೋ ಇಳಿಜಾರಿನಲ್ಲಿ ಪರಮಶಿವಯ್ಯ ಮತ್ತು ಇನ್ನೊಬ್ಬ ಸಿಪಾಯಿ ಬಂಡೆಯ ಮರೆಯಲ್ಲಿ ಸಿಕ್ಕಿಬಿದ್ದಿದ್ದರು. ಮೇಲೆ ಶತ್ರು. ಆ ಹುಡುಗನಿಗೆ ಹೊಟ್ಟೆಗೆ ಗುಂಡು ತಗುಲಿತ್ತು. ನರಳುತ್ತಿದ್ದ. ನರಳಾಟ ಮೇಲಕ್ಕೆ ಕೇಳಿದರೆ ಇಬ್ಬರೂ ಉಳಿಯುವುದಿಲ್ಲ. ಪರಮಶಿವಯ್ಯ ಅವನ ಬಾಯಿಯ ಮೇಲೆ ಅಂಗೈ ಇಟ್ಟು ಒತ್ತಿಹಿಡಿದರು. ಬೆಳಕು ಹರಿಯುವಾಗ ಹುಡುಗ ಹೋಗಿದ್ದ.

“ಗುಂಡಿಂದ ಹೋದ್ನೋ, ನನ್ನ ಕೈಯಿಂದ ಹೋದ್ನೋ ಗೊತ್ತಿಲ್ಲ ಅಂತಾರೆ. ಒಂದೇ ಒಂದ್ಸಲ ಹೇಳಿದಾರೆ. ಆಮೇಲೆ ಅದರ ಮಾತೇ ಇಲ್ಲ.”

ಆ ಯುದ್ಧ ಮುಗಿಸಿ ರಜೆಗೆ ಊರಿಗೆ ಬಂದಾಗ ಕೈಲಾಸ್‌ಗೆ ಮೂರು ವರ್ಷ. ಊರಿನ ಹತ್ತಿರ ಕಲ್ಲುಕ್ವಾರಿ. ಒಂದು ಬೆಳಗ್ಗೆ ಅಲ್ಲಿ ಸಿಡಿಮದ್ದು ಸಿಡಿಯಿತು. ಜಗಲಿಯ ಮೇಲೆ ಆಡುತ್ತಿದ್ದ ಮಗನನ್ನು ಕಂಕುಳಿಗೆ ಸೆಳೆದುಕೊಂಡು ಪರಮಶಿವಯ್ಯ ಓಡಿದರು, ಕಣದ ಹತ್ತಿರದ ಬಣವೆಯ ಹಿಂದೆ ಕುಕ್ಕರಿಸಿದರು. ಹೆದರಿದ ಮಗು ಅಳಲು ಶುರುಮಾಡಿತು. ಅಂಗೈ ಮಗುವಿನ ಬಾಯಿಯ ಮೇಲೆ ಬಂತು. ಊರಿಗೆ ಊರೇ ಓಡಿಬಂದು ಸುತ್ತ ನಿಂತು ‘ಅಯ್ಯೋ ಶಿವನೇ’ ಎಂದಿತು. ಪರಮಶಿವಯ್ಯನವರ ಅಪ್ಪ ‘ಲೋ ಪರಮೇಶಿ’ ಎಂದರು. ಬಸವಲಿಂಗಮ್ಮ ‘ರೀ, ರೀ’ ಎಂದು ಗೋಳಾಡಿದರು. ಯಾವುದೂ ಆತನ ಕಿವಿಗೆ ಬೀಳಲಿಲ್ಲ. ಮಗುವಿನ ತುಟಿ ನೀಲಿಯಾಗುತ್ತಿತ್ತು.

ಆಗ ಆಕೆಗೆ ಬೆಳಗಾವಿಯಲ್ಲಿ ಹಿಂದೆ ತಾವಿದ್ದ ಸೈನ್ಯದ ಫ್ಯಾಮಿಲಿ ಕ್ವಾರ್ಟರ್ಸ್ ನೆನಪಾಯಿತಂತೆ. ದಿನಾ ಬೆಳಗ್ಗೆ ಗೋಡೆಯಾಚೆ ಮೈದಾನದಲ್ಲಿ ಹಾಜರಿ ಕೂಗುತ್ತಿದ್ದರು. ನಾಯಕ್ ಎಂಬ ದರ್ಜೆ ಸೇರಿಸಿ ಪೂರ್ತಿ ಹೆಸರು ಕೂಗಿದ್ದು ಕೇಳುತ್ತಿದ್ದ ಹಾಗೇ ಗಂಡ ‘ಸಾಬ್’ ಎಂದು ಓಗೊಡುತ್ತಿದ್ದರು. ಪಾಳಿಯಿಲ್ಲದ ದಿನ ಮನೆಯಲ್ಲಿ ಎಷ್ಟು ಗಾಢ ನಿದ್ದೆಯಲ್ಲಿದ್ದರೂ ಆ ಕೂಗಿಗೆ ಎದ್ದು ಕೂರುತ್ತಿದ್ದರು. ಬಸವಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅತ್ತೆ ಮಾವ, ಊರ ಗೌಡರು, ಮಠದ ಅಯ್ಯನವರು ಎಲ್ಲರ ಎದುರಿಗೆ, ಗಂಡನ ಮುಂದೆ ನೆಟ್ಟಗೆ ನಿಂತು ಕೂಗಿದರು. ‘ನಾಯಕ್ ಪರಮಶಿವಯ್ಯ! ಮಗು ಕೆಳಗಿಡು!’

ಇಟ್ಟರು. ಮಗು ಉಸಿರೆಳೆದುಕೊಂಡಿತು.

ಊರು ಏನನ್ನು ನೆನಪಿಟ್ಟುಕೊಂಡಿತು ಅಂದುಕೊಂಡಿರಿ? ಮಗು ಬದುಕಿದ್ದನ್ನಲ್ಲ. ಹೆಸರು ಹಿಡಿದದ್ದನ್ನು, ಏಕವಚನ ಆಡಿದ್ದನ್ನು! ಗಂಡನ ಆಯುಸ್ಸು ಕಡಿಮೆ ಮಾಡಿದಳು ಎಂದರು. ಹಬ್ಬ ಹುಣ್ಣಿಮೆಗೆ ಆಕೆಯ ಕೈಯ ಅರಿಸಿನ ಕುಂಕುಮ ಬೇಡವೆಂದರು. ಸೈನ್ಯದ ಆಸ್ಪತ್ರೆಯವರು ಕೊಟ್ಟ ಮಾತ್ರೆಗಳನ್ನು ನೋಡಿ ಹುಚ್ಚಿನ ಮಾತ್ರೆ ಎಂದು ಆಡಿಕೊಂಡರು. ಪರಮಶಿವಯ್ಯ ಅವನ್ನು ನುಂಗುವುದನ್ನೇ ಬಿಟ್ಟರು. ಕೊನೆಗೆ ಗಂಡ ಸೈನ್ಯದಿಂದ ಬಿಡುಗಡೆಯಾದದ್ದೇ ಬಸವಲಿಂಗಮ್ಮ ಗಂಡನನ್ನೂ ಮಗನನ್ನೂ ಕರೆದುಕೊಂಡು ಬೆಂಗಳೂರು ಬಸ್ಸು ಹತ್ತಿದರು. ಬಣವೆಯ ಆ ದಿನದಿಂದ ಪರಮಶಿವಯ್ಯ ಮಗನನ್ನು ಮುಟ್ಟಿಲ್ಲ. ಕೈಲಾಸ್ ಅಪ್ಪನ ಕೈ ಹಿಡಿದು ಸ್ಕೂಲಿಗೆ ಹೋಗಲಿಲ್ಲ, ಅಪ್ಪನ ಹೆಗಲೇರಲಿಲ್ಲ. ಮದುವೆಯ ದಿನ ಕಾಲಿಗೆ ಬಿದ್ದಾಗಲೂ ಅಪ್ಪನ ಕೈ ಮಗನ ತಲೆಯ ಮೇಲೆ ಗಾಳಿಯಲ್ಲೇ ನಿಂತಿತ್ತು.

ಈ ಕಥೆ ಕೇಳಿದ ದಿನದಿಂದ ಮೇಘಶ್ರೀ ಅತ್ತೆಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದಳು. ನೋಡಿದಷ್ಟೂ ಬೆರಗಾದಳು. ಅತ್ತೆ ಕೈತುಂಬ ಗಾಜಿನ ಬಳೆ ತೊಡುವುದು ಶೋಕಿಗಲ್ಲ, ಯಾವ ಕೋಣೆಗೆ ಹೋಗುವ ಮೊದಲೂ ಒಂದು ಸಲ ಕೈ ಝಾಡಿಸಿ ಸದ್ದು ಮಾಡಲಿಕ್ಕೆ. ಆ ಮನೆಯಲ್ಲಿ ಕುಕ್ಕರ್ ಕೂಗಿದ್ದೇ ಇಲ್ಲ, ಅನ್ನ ಇಂದಿಗೂ ಗಂಜಿ ಬಸಿದೇ ಆಗುವುದು. ಯಾರದೇ ಮನೆಯ ಸಮಾರಂಭವಿರಲಿ, ಹಿಂದಿನ ದಿನ ಬಸವಲಿಂಗಮ್ಮ ತರಕಾರಿ ನೆಪ ಮಾಡಿಕೊಂಡು ಆ ಬೀದಿಗೆ ಹೋಗಿ ಬರುತ್ತಾರೆ. ಎಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದಾರೆ, ಎಲ್ಲಿ ಪಾಯ ತೋಡುತ್ತಿದ್ದಾರೆ, ಯಾವ ಮನೆಯಲ್ಲಿ ನಾಯಿ ಇದೆ, ಎಲ್ಲ ನೋಡಿಕೊಂಡು ಬರುತ್ತಾರೆ. ಗಡಿಯಲ್ಲಿ ಗುಂಡಿನ ಚಕಮಕಿಯಾದಾಗ ಇಡೀ ಬೀದಿ ಟಿವಿ ಮುಂದೆ ಕೂತು ‘ಹಾಕು, ಇನ್ನೂ ಹಾಕು’ ಎಂದು ಕುಣಿಯುತ್ತಿದ್ದರೆ, ಈಕೆ ಕೇಬಲ್ ಕಿತ್ತು ಅಕ್ಕಿ ಡಬ್ಬದಲ್ಲಿ ಹೂತಿಟ್ಟರು. ಆಗಸ್ಟ್ ಹದಿನೈದಕ್ಕೆ ಬಡಾವಣೆಯವರು ಪರಮಶಿವಯ್ಯನವರನ್ನು ಕರೆದು ಶಾಲು ಹೊದಿಸಿ ಚಪ್ಪಾಳೆ ತಟ್ಟಿ ಕಳಿಸುತ್ತಾರೆ. ಶಾಲು ಹೊದಿಸಿದವರು ಮನೆಗೆ ಹೋಗಿ ಸಿಹಿ ತಿಂದು ಮಲಗುತ್ತಾರೆ. ಆಮೇಲಿನ ಎರಡು ದಿನ ಆತ ಅನ್ನ ಮುಟ್ಟದಿದ್ದರೆ ನೋಡುವವರು ಯಾರು? ಬಸವಲಿಂಗಮ್ಮ. ತವರಿಗೆ ಹೋದರೂ ಸಂಜೆ ಬಸ್ಸಿಗೆ ವಾಪಸ್ಸು. ಹೆತ್ತ ತಾಯಿ ಸತ್ತಾಗಲೂ ಮಣ್ಣು ಹಾಕಿ ಅವತ್ತೇ ಹಿಂತಿರುಗಿದ್ದರಂತೆ.

“ಅತ್ತೆ, ಆ ಥರ ಕೂಗೋದು ನನಗೂ ಹೇಳ್ಕೊಡಿ” ಎಂದು ಮೇಘಶ್ರೀ ಒಂದು ಸಲ ಕೇಳಿದಳು.

ಬಸವಲಿಂಗಮ್ಮ ನಕ್ಕುಬಿಟ್ಟರು. “ಸೊಸೆ ಮಾವನ ಹೆಸರು ಕೂಗೋದಾ? ನನ್ನ ಹೆಸರು ಹಾಳಾಗಿರೋದು ಸಾಲ್ದಾ, ನಿಂದೂ ಹಾಳಾಗ್ಬೇಕಾ? ಹೋಗು, ಕಾಯಿ ತುರಿ.”

ಅಷ್ಟು ವರ್ಷ ಕೂಗಿದ ಗಂಟಲು ಎಷ್ಟೆಂದು ತಡೆದೀತು? ಮೇಘಶ್ರೀ ಬಸುರಿಯಾಗಿ ತವರಿಗೆ ಹೋಗುವ ಹೊತ್ತಿಗೆ ಅತ್ತೆಯ ದನಿ ಒಡೆದ ಮಡಕೆಯಾಗಿತ್ತು. ಕೈಲಾಸ್ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಗಂಟಲೊಳಗೆ ದೀಪ ಬಿಟ್ಟು ನೋಡಿ, “ಟೀಚರಾ ನೀವು? ಇಲ್ಲಾ ಮಾರ್ಕೆಟ್‌ನಲ್ಲಿ ವ್ಯಾಪಾರಾನಾ?” ಎಂದು ಕೇಳಿದರು. “ಇಲ್ಲ ಸಾರ್, ಮನೇಲೇ ಇರೋದು” ಎಂದರು ಬಸವಲಿಂಗಮ್ಮ. ದನಿಯ ತಂತಿಗಳ ಮೇಲೆ ಗಂಟುಗಳಾಗಿದ್ದವು. ಕೆಲವು ತಿಂಗಳು ಮಾತ್ರೆಯಲ್ಲಿ ಕಳೆದು, ಕೊನೆಗೆ ಸಣ್ಣ ಆಪರೇಷನ್ ಆಯಿತು. ಇನ್ನು ಕೆಲವು ವಾರ ಪಿಸುಮಾತೂ ಕೂಡದು, ಕೂಗಿದರೆ ದನಿ ಶಾಶ್ವತವಾಗಿ ಹೋದೀತು ಎಂದರು.

ಅದೇ ಹೊತ್ತಿಗೆ ಮೇಘಶ್ರೀಗೆ ಹೆಣ್ಣು ಮಗು ಹುಟ್ಟಿ, ಬಾಣಂತನವೂ ಮುಗಿಯುತ್ತ ಬಂದಿತ್ತು. ನಾಮಕರಣ ಮುಗಿಸಿ ಮಗುವನ್ನು ಗಿರಿನಗರಕ್ಕೆ ಕರೆದೊಯ್ಯಬೇಕು. ಅಮ್ಮನಿಗೆ ಅತ್ತೆಯ ಬೆಲೆ ತಿಳಿಯಲಿ ಎಂದು ಅವಳು ಮಣಿಕಟ್ಟಿನ ಕಥೆಯನ್ನೂ ಬಣವೆಯ ಕಥೆಯನ್ನೂ ಹೇಳಿದಳು. ಒಳ್ಳೆಯದಕ್ಕೆ ಹೇಳಿದ್ದು ಉಲ್ಟಾ ಹೊಡೆಯಿತು.

“ಕೈಲಾಸ್ ಬದುಕಿದ್ದು ಅವನ ಪುಣ್ಯ” ಎಂದರು ಸರ್ವಮಂಗಳಮ್ಮ. “ನನ್ನ ಮೊಮ್ಮಗಳ ಪುಣ್ಯ ಪರೀಕ್ಷೆ ಮಾಡಕ್ಕೆ ನಾನು ರೆಡಿ ಇಲ್ಲ. ನೀನು ಬೇಕಾದ್ರೆ ಹೋಗು. ಮಗೂನ ಆ ಮನೆಗೆ ಕಳಿಸಲ್ಲ.”

ನಿಜ ಹೇಳಬೇಕೆಂದರೆ ಆ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಯಾವ ಅಜ್ಜಿಯಾದರೂ ಹೇಳುವ ಮಾತೇ ಅದು. ಅದನ್ನು ಎಲ್ಲರಿಗಿಂತ ಮೊದಲು ಒಪ್ಪಿಕೊಂಡವರು ಪರಮಶಿವಯ್ಯ.

“ಅವರು ಹೇಳೋದು ಸರಿಯಾಗಿದೆ” ಎಂದರು ಮಗನಿಗೆ. “ಮಗು ಈ ಮನೆಗೆ ಬರ್ಲಿ. ನಾನು ಊರಿಗೆ ಹೋಗ್ತೀನಿ. ಹಳೇ ಮನೆ ಬೀಗ ಹಾಕಿದೆ, ತೆಗೆದ್ರಾಯ್ತು.”

ಮಾತಾಡುವಂತಿಲ್ಲದ ಬಸವಲಿಂಗಮ್ಮ ಬೆರಳನ್ನು ತಮ್ಮ ಎದೆಗೆ ತೋರಿಸಿ, ಗಂಡನ ಕಡೆ ತೋರಿಸಿದರು. ನಾನೂ ಬರ್ತೀನಿ. ಯಾವ ಬೀದಿ ತನ್ನನ್ನು ಉಗಿದು ಕಳಿಸಿತ್ತೋ ಅದೇ ಬೀದಿಗೆ, ಗಂಟಲಿನಲ್ಲಿ ದನಿಯಿಲ್ಲದೆ, ಮೊಮ್ಮಗಳ ಮುಖವನ್ನು ಒಂದು ದಿನವಷ್ಟೇ ನೋಡಿ ಹೊರಡಲು ಆ ಹೆಂಗಸು ಸಿದ್ಧವಾದರು. ಭಾನುವಾರ ನಾಮಕರಣ, ಅವತ್ತು ಸಂಜೆಯ ಬಸ್ಸು. ಮೇಘಶ್ರೀ ಅಮ್ಮನ ಹತ್ತಿರ ಜಗಳವಾಡಿದಳು, ಗಂಡನ ಹತ್ತಿರ ಅತ್ತಳು. ಯಾರೂ ಜಗ್ಗಲಿಲ್ಲ. ಅವಳಿಗೆ ಅತ್ತೆ ಬೇಕಾಗಿತ್ತು, ಮಗುವೂ ಕ್ಷೇಮವಾಗಿರಬೇಕಾಗಿತ್ತು. ಎರಡೂ ಒಂದೇ ಮನೆಯಲ್ಲಿ ಇರಲಾರವು ಎಂದು ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು.

ತ್ಯಾಗರಾಜನಗರದ ಆ ಮನೆಯ ಪಕ್ಕದ ಸೈಟಿನಲ್ಲಿ ಪಾಯ ತೋಡುವಾಗ ಬಂಡೆ ಸಿಕ್ಕಿ, ವಾರದಿಂದ ಬಂಡೆ ಒಡೆಯುವ ಯಂತ್ರ ನಿಂತಿತ್ತು. ಅತ್ತೆ ಮಾಡುವ ಕೆಲಸವನ್ನು ಈ ಸಲ ತಾನೇ ಮಾಡಬೇಕೆಂದು ಮೇಘಶ್ರೀ ಶನಿವಾರವೇ ಹೋಗಿ ಮೇಸ್ತ್ರಿಯನ್ನು ಕೇಳಿದ್ದಳು. “ಭಾನುವಾರ ರಜಾ ಮೇಡಂ, ಒಂದು ಸೊಳ್ಳೆನೂ ಕೂಗಲ್ಲ” ಎಂದಿದ್ದ ಮೇಸ್ತ್ರಿ.

ಭಾನುವಾರ ಬೆಳಗ್ಗೆ ಹಾಲ್ ತುಂಬ ಜನ. ಸ್ವಾಮಿಗಳು ಮಗುವಿನ ಹಣೆಗೆ ವಿಭೂತಿ ಹಚ್ಚಿ, ಪುಟ್ಟ ಲಿಂಗ ಕಟ್ಟಿ ಆಶೀರ್ವಾದ ಮಾಡಿದರು. ಹೆಂಗಸರು ಮಗುವನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ‘ಸಮನ್ವಿತಾ’ ಎಂದು ಹೇಳಿದರು. ಪರಮಶಿವಯ್ಯ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ತೊಟ್ಟಿಲಿನ ಕಡೆ ನೋಡಿದಷ್ಟು ಸಾಕು ಎಂಬಂತೆ ಕೂತಿದ್ದರು. ಅವರ ಪಕ್ಕದಲ್ಲಿ ಊರಿಗೆ ಹೊರಟ ಎರಡು ಬ್ಯಾಗು.

ಯಂತ್ರದ ಮಾಲೀಕನಿಗೆ ಇನ್ನೊಂದು ಕಡೆ ಹೋಗುವ ಅವಸರವಿತ್ತೇನೋ, ಮೇಸ್ತ್ರಿಯ ರಜೆ ಅವನಿಗೆ ಲೆಕ್ಕಕ್ಕಿರಲಿಲ್ಲ. ಗೋಡೆಯಾಚೆ ಬಂಡೆಯ ಮೇಲೆ ಕಬ್ಬಿಣದ ಮೂತಿ ಬಿತ್ತು. ಡಗಡಗಡಗಡಗ ಎಂದು ಇಡೀ ಮನೆ ನಡುಗಿತು, ಕಿಟಕಿ ಗಾಜು ನಡುಗಿತು, ತಟ್ಟೆಯಲ್ಲಿದ್ದ ಲೋಟಗಳು ನಡುಗಿದವು.

ಪರಮಶಿವಯ್ಯ ಯಾವಾಗ ಎದ್ದರೋ ಯಾರೂ ನೋಡಲಿಲ್ಲ. ನೋಡುವಷ್ಟರಲ್ಲಿ ತೊಟ್ಟಿಲು ಖಾಲಿ. ಆತ ಬೀರುವಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಕುಕ್ಕರಿಸಿದ್ದರು, ಮಗುವನ್ನು ಎದೆಯಡಿಗೆ ಸೇರಿಸಿಕೊಂಡು, ಅದಕ್ಕೆ ಚಾವಣಿಯಾಗಿ ಬಾಗಿ. ಮಗನ ನಂತರ ಆ ಕೈ ಎತ್ತಿಕೊಂಡ ಮೊದಲ ಮಗು ಅದು. ಹೆಂಗಸರು ಚೀರಿದರು. ಚೀರಾಟಕ್ಕೆ ಮಗು ಬೆಚ್ಚಿ ಅಳತೊಡಗಿತು. ಅಳು ಕೇಳಿದ್ದೇ ತಡ, ಪರಮಶಿವಯ್ಯನವರ ಬಲ ಅಂಗೈ ಮೇಲೆದ್ದಿತು.

ಕೈಲಾಸ್ ಅಪ್ಪನ ಮೇಲೆ ಬೀಳಲು ಓಡಿದ. ಬಸವಲಿಂಗಮ್ಮ ಅಡ್ಡ ಬಂದು ಎರಡೂ ಕೈಯಲ್ಲಿ ಅವನನ್ನು ತಡೆದರು. ಮುಟ್ಟಿದರೆ ಏನಾಗುತ್ತದೆಂದು ಅವರಿಗೆ ಗೊತ್ತು. ತಡೆದು, ಗಂಡನ ಎದುರಿಗೆ ನೆಟ್ಟಗೆ ನಿಂತು ಬಾಯಿ ತೆರೆದರು. ಡಾಕ್ಟರ ಮಾತು ಯಾರಿಗೆ ಬೇಕಿತ್ತು? ಆದರೆ ಗಂಟಲಿನಿಂದ ಬಂದದ್ದು ಬರೀ ಗಾಳಿ. ಕತ್ತಿನ ನರಗಳು ಉಬ್ಬಿದವು, ತುಟಿಗಳು ಪೂರ್ತಿ ಹೆಸರನ್ನು ಆಡಿದವು, ದನಿ ಮಾತ್ರ ಇಲ್ಲ. ಬಸವಲಿಂಗಮ್ಮ ತಿರುಗಿ ಸೊಸೆಯನ್ನು ನೋಡಿದರು. ತೋಳು ಹಿಡಿದು ಮುಂದಕ್ಕೆ ನೂಕಿದರು.

ಮೇಘಶ್ರೀಯ ಮೈಯಲ್ಲಿ ಒಂದೊಂದು ನರವೂ ‘ಮಗೂನ ಕಿತ್ಕೋ’ ಎನ್ನುತ್ತಿತ್ತು. ಓಡಬೇಕು, ಪರಚಬೇಕು, ಕೂಗಿಕೊಳ್ಳಬೇಕು. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ಬಾಯಿಯ ಹತ್ತಿರ ಆ ಅಂಗೈ ಇಳಿಯುತ್ತಿರುವಾಗ ಸುಮ್ಮನೆ ನಿಲ್ಲುವುದೆಂದರೇನು ಎಂದು ಅವಳಿಗೆ ಆಗ ತಿಳಿಯಿತು. ಬಣವೆಯ ಮುಂದೆ ಅತ್ತೆ ಹೇಗೆ ನಿಂತಿದ್ದರು ಎಂದು ತಿಳಿಯಿತು. ಕೈಗಳನ್ನು ಇಳಿಬಿಟ್ಟಳು. ಬೆಳಕಿಗೆ ಬಂದು ನಿಂತಳು.

“ನಾಯಕ್ ಪರಮಶಿವಯ್ಯ!”

ಸ್ವಾಮಿಗಳು, ಸೋದರಮಾವಂದಿರು, ಬೀಗರು, ಬಿಜ್ಜರು ಎಲ್ಲರ ಎದುರಿಗೆ ಸೊಸೆ ಮಾವನ ಹೆಸರು ಕೂಗಿದ್ದಳು. ಅಂಗೈ ಗಾಳಿಯಲ್ಲಿ ನಿಂತಿತು.

“...ಸಾಬ್.”

“ಇದು ತ್ಯಾಗರಾಜನಗರ.” ನಿಲ್ಲಿಸಿದಳು. ಕಾದಳು. “ನಮ್ಮಮ್ಮನ ಮನೆ. ಬೆಳಗ್ಗ್ ಹೊತ್ತು. ಪಕ್ಕದಲ್ಲಿ ಬಂಡೆ ಒಡೀತಿದಾರೆ, ಅದರ ಸದ್ದು. ನಾನು ಮೇಘಶ್ರೀ. ನಿಮ್ಮ ಕೈಲಿರೋದು ನಿಮ್ಮ ಮೊಮ್ಮಗಳು, ಸಮನ್ವಿತಾ. ಇವತ್ತು ಅವಳ ನಾಮಕರಣ.”

ಪರಮಶಿವಯ್ಯನವರ ಕಣ್ಣುಗಳು ನಿಧಾನವಾಗಿ ಈ ಮನೆಗೆ ಬಂದವು. ಮೊದಲು ಸೊಸೆಯನ್ನು ನೋಡಿದರು, ಆಮೇಲೆ ಕೆಳಗೆ, ಎದೆಯಡಿಯಲ್ಲಿ ಕೆಂಪಗಾಗಿ ಅಳುತ್ತಿದ್ದ ಮಗುವನ್ನು. ಯಾರೋ ‘ಶ್ ಶ್, ಸುಮ್ನಿರು ಕಂದಾ’ ಎಂದರು.

“ಬೇಡ” ಎಂದರು ಪರಮಶಿವಯ್ಯ. “ಅಳ್ಲಿ. ಅಳ್ಲಿ ಬಿಡಿ ಅದು.”

ಮಗುವನ್ನು ಮೇಘಶ್ರೀಯ ಕೈಗಿಟ್ಟು, ಬ್ಯಾಗು ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಬಾಗಿಲ ಕಡೆ ನಡೆದರು. ಬಸವಲಿಂಗಮ್ಮ ಇನ್ನೊಂದು ಬ್ಯಾಗು ಎತ್ತಿಕೊಂಡರು. ಮೇಘಶ್ರೀಯ ಗಂಟಲು ಉರಿಯುತ್ತಿತ್ತು. ಒಂದೇ ಒಂದು ಸಲ ಕೂಗಿದ್ದಕ್ಕೆ ಹೀಗೆ. ಅತ್ತೆಯ ಬೆನ್ನು ನೋಡುತ್ತ ಅವಳು ಮಗುವನ್ನು ಅವಚಿಕೊಂಡು ಅತ್ತೇ ಬಿಟ್ಟಳು. ಇಂಥ ದೊಡ್ಡ ಹೆಂಗಸನ್ನು ಅವಳು ಇನ್ನೆಲ್ಲೂ ಕಂಡಿರಲಿಲ್ಲ.

ಬಾಗಿಲಲ್ಲಿ ಸರ್ವಮಂಗಳಮ್ಮ ನಿಂತಿದ್ದರು. ಬೀಗಿತ್ತಿಯ ಕತ್ತನ್ನು, ಇನ್ನೂ ಉಬ್ಬಿಯೇ ಇದ್ದ ಆ ನರಗಳನ್ನು ನೋಡುತ್ತಿದ್ದರು.

“ಇಷ್ಟು ವರ್ಷ,” ಎಂದರು, “ನೀವೊಬ್ರೇನಾ?”

ಬಸವಲಿಂಗಮ್ಮ ಹೌದೆಂದು ತಲೆಯಾಡಿಸಿದರು.

ಸರ್ವಮಂಗಳಮ್ಮ ಅವರ ಕೈಯಿಂದ ಬ್ಯಾಗು ತೆಗೆದುಕೊಂಡು ಒಳಗಿಟ್ಟರು. ಆಡಬೇಕಾದ ಮಾತನ್ನು ಮೇಘಶ್ರೀ ಆಡಿದಳು. ಮಾವನ ಮುಂದೆ ಹೋಗಿ, ಆತನಿಗೆ ಕಾಣುವ ಹಾಗೆ ನಿಂತು ಹೇಳಿದಳು. “ಮಾವ, ಮಗು ಗಿರಿನಗರಕ್ಕೇ ಬರತ್ತೆ. ನೀವೂ ಅಲ್ಲೇ ಇರ್ತೀರ. ಆದ್ರೆ ನಾಳೆ ನನ್ನ ಜೊತೆ ಡಾಕ್ಟರ್ ಹತ್ರ ಬರ್ಬೇಕು, ಮಾತ್ರೆ ಕೊಟ್ರೆ ನುಂಗ್ಬೇಕು. ಡಾಕ್ಟ್ರು ಸರಿ ಅನ್ನೋವರ್ಗೂ ಮಗು ಒಂಟಿಯಾಗಿ ನಿಮ್ಮ ಕೈಗೆ ಸಿಗಲ್ಲ. ಬೇಜಾರ್ ಮಾಡ್ಕೊಂಡ್ರೂ ಪರ್ವಾಗಿಲ್ಲ.”

ಕೈಲಾಸ್ ಬಂದು ಅಪ್ಪನ ಕೈಯಲ್ಲಿದ್ದ ಬ್ಯಾಗಿನ ಹಿಡಿಯನ್ನು ಹಿಡಿದುಕೊಂಡ. ಅಪ್ಪ ಬಿಟ್ಟುಕೊಟ್ಟರು.

ಯಂತ್ರದವನಿಗೆ ಬೈದು ಯಂತ್ರ ನಿಲ್ಲಿಸಿದ್ದಾಯಿತು. ಊಟ ಮುಗಿಸಿ ನೆಂಟರೆಲ್ಲ ಹೋದರು. ಹೋಗುತ್ತ ದಾರಿಯಲ್ಲಿ ಏನು ಮಾತಾಡಿಕೊಂಡರೋ ಅವರಿಗೇ ಗೊತ್ತು. ಮಧ್ಯಾಹ್ನ ಬಸವಲಿಂಗಮ್ಮ ಸೊಸೆಯ ಕೋಣೆಯಲ್ಲಿ ಚಾಪೆಯ ಮೇಲೆ ಒಂದು ಗಳಿಗೆ ಬೆನ್ನು ಚಾಚಿದವರು, ಹಾಗೇ ನಿದ್ದೆಹೋದರು. ಬಾಯಿ ತೆರೆದು, ಗೊರಕೆ ಹೊಡೆಯುತ್ತ, ಕಾಲು ಎತ್ತಲೋ ಕೈ ಎತ್ತಲೋ ಚೆಲ್ಲಿಕೊಂಡು. ಹಾಲ್‌ನಲ್ಲಿ ಪರಮಶಿವಯ್ಯ ಗೋಡೆಗೊರಗಿ ಕೂತಿದ್ದರು. ಮೇಘಶ್ರೀ ನಡುವಿನ ಬಾಗಿಲಲ್ಲಿ ಮಗುವಿಗೆ ಹಾಲೂಡುತ್ತ ಇಬ್ಬರನ್ನೂ ನೋಡುತ್ತಿದ್ದಳು.

ಅಡುಗೆಮನೆಯಿಂದ ಏನೋ ಗೊಣಗಾಟ ಕೇಳಿತು. ಇಣುಕಿ ನೋಡಿದರೆ ಸರ್ವಮಂಗಳಮ್ಮ ದೇವರ ಗೂಡಿನ ಮುಂದೆ ಸೆರಗು ಬಿಗಿದು ನೆಟ್ಟಗೆ ನಿಂತಿದ್ದಾರೆ. “ಪರ...” ಎನ್ನುತ್ತಾರೆ, ನಾಲಿಗೆ ಕಚ್ಚಿಕೊಳ್ಳುತ್ತಾರೆ, ‘ಶಿವ ಶಿವಾ’ ಎಂದು ಕೆನ್ನೆಗೆ ಬಡಿದುಕೊಳ್ಳುತ್ತಾರೆ.

“ಏನಮ್ಮಾ ಮಾಡ್ತಿದೀಯ?”

“ಸುಮ್ನಿರೇ. ನಾಳೆ ನಾನೂ ಬರ್ತೀನಿ ಗಿರಿನಗರಕ್ಕೆ. ಸ್ವಲ್ಪ ದಿನ ಇರ್ತೀನಿ. ನಿಮ್ಮತ್ತೆ ಒಂದಿಷ್ಟು ಮಲಗ್ಲಿ, ಪಾಪ. ನೀನು ಮಗೂನ ನೋಡ್ಕೋ, ನಿಮ್ಮ ಮಾವನ್ನ ನಾನು ನೋಡ್ಕೊಳ್ತೀನಿ. ಅದಕ್ಕೆ ಇದು ಬಾಯಿಗೆ ಬರ್ಬೇಕಲ್ಲ.”

ಹೀಗೆಂದು ಸರ್ವಮಂಗಳಮ್ಮ ಕಣ್ಣು ಮುಚ್ಚಿದರು. ಉದ್ದಕ್ಕೆ ಉಸಿರೆಳೆದುಕೊಂಡರು. ಜನ್ಮದಲ್ಲಿ ತನ್ನ ಗಂಡನ ಹೆಸರನ್ನೂ ಹೇಳದ ಬಾಯಿ ಬೀಗರ ಹೆಸರನ್ನು ಪೂರ್ತಿಯಾಗಿ, ಗಟ್ಟಿಯಾಗಿ ಕೂಗಿತು.

“ಪರಮಶಿವಯ್ಯ!”

“ಹೇಳಿ ಅಮ್ಮಾ” ಎಂದಿತು ಹಾಲ್‌ನಿಂದ ಮೆಲ್ಲನೆಯ ದನಿ. “ಇಲ್ಲೇ ಇದೀನಿ.”

ಒಳಗೆ ಬಸವಲಿಂಗಮ್ಮನಿಗೆ ಎಚ್ಚರವಾಗಲಿಲ್ಲ.